ಮರಳಿನ ಮೇಲಿನ ಪಾಚಿ

ಮಳೆ ಹಿಂದೆಗೆದಿದ್ದ ನವೆಂಬರ್, ಮುಂಜಾವು, ಕಾಫಿ ಇನ್ನೂ ಸೋಸಿರಲಿಲ್ಲ. ಸೊಸೆ ಡ್ಯೂಲಾ ನೀರು ಸೋಸುವ ಸಿಮೆಂಟ್ ಪೆಟ್ಟಿಗೆಯೊಳಗೆ ಮೊಣಕೈವರೆಗೆ ಕೈ ಇಳಿಸಿ ಮರಳು ಕಲಕಿ, ಮೇಲೆ ಕಟ್ಟಿದ ಪಾಚಿ ತೊಳೆಯುತ್ತಿದ್ದಳು.

ಆವತ್ತು ವಿಲ್ನೆರ್ ಬರುವ ದಿನ. ಪೆಟ್ಟಿಗೆ ಕೊಟ್ಟ ಆಫೀಸಿನ ಪರವಾಗಿ ಮನೆಮನೆಯ ನೀರನ್ನು ಸೀಸೆಯಲ್ಲಿ ಹಿಡಿದು ಪರೀಕ್ಷೆಗೆ ಒಯ್ಯುವವನು ಅವನು. ನಮ್ಮ ನೀರು ಎರಡು ಸಲ ಕೆಟ್ಟದ್ದೆಂದು ಬಂದಿತ್ತು. ಮೂರನೆಯ ಸಲವೂ ಹಾಗೇ ಆದರೆ ಆಫೀಸಿನವರು ಪೆಟ್ಟಿಗೆ ವಾಪಸು ಒಯ್ಯುತ್ತಾರೆ, ಅದು ಗುಡ್ಡದ ಮೇಲಿನವರ ಪಾಲು. ಆರ್ಟಿಬೋನಿಟ್ ನದಿಯ ಕಾಲುವೆ ನೀರು ಬಿಟ್ಟರೆ ನಮಗೆ ಬೇರೆ ಇಲ್ಲ. ಮೊಮ್ಮಗಳು ಲವೇನಾ ಹೋದ ವರ್ಷ ಕಾಲರಾದಿಂದ ಉಳಿದದ್ದೇ ಹೆಚ್ಚು.

ಇದೇನೇ ಅಂದೆ. ಅವನು ಬರುವಾಗಲೆಲ್ಲ ಹೀಗೇ ತೊಳೆಯುತ್ತೇನೆ ಅಂದಳು.

"ನೀವೇ ಹೇಳಿದ್ದಲ್ವಾ ಅತ್ತೆ, ನೆಂಟರು ಬರೋ ಮುಂಚೆ ಪಾತ್ರೆ ಒಳಗೂ ಉಜ್ಜಬೇಕು ಅಂತ."

ನಿಜ. ಅವಳು ಈ ಮನೆಗೆ ಬಂದ ವಾರವೇ ಹೇಳಿದ್ದೆ.

ವಿಲ್ನೆರ್ ಬಂದ, ಕೂತ, ಕಾಫಿ ತೆಗೆದುಕೊಂಡ. ಮುಚ್ಚಳ ಎತ್ತಿ ನೋಡಿ, ಯಾರು ತೊಳೆದದ್ದೆಂದು ಕೇಳಿದ. ಡ್ಯೂಲಾ ನೆಲ ನೋಡಿದಳು. ನಾನು ಕಲಿಸಿದ್ದು ಮಗಾ, ತಪ್ಪು ನನ್ನದು ಅಂದೆ.

"ಅಜ್ಜಿ, ನೀರಿನ ಹೊಲಸು ತಿನ್ನೋದು ಆ ಪಾಚೀನೇ. ನಾನು ಬರ್ತೀನಿ ಅಂತ ಅದನ್ನೇ ತೊಳೆದು ಚೆಲ್ತೀರಿ. ಈ ತಿಂಗಳು ಹೀಗೆ ತೊಳೆದದ್ದು ನಿಮ್ಮದು ಒಂಬತ್ತನೇ ಮನೆ."

ಬೇಲಿಯಾಚೆ ಪಕ್ಕದ ಮನೆಯ ಆನ್ಸೆಲ್ ಹಲ್ಲು ಉಜ್ಜುತ್ತಾ ನಿಂತಿದ್ದ. "ನನ್ನ ಹೆಂಡ್ತೀನ ಸೋಮಾರಿ ಅಂತಿದ್ರಲ್ಲ ಅಕ್ಕ. ನೋಡಿ, ನಮ್ಮನೆ ನೀರು ಪಾಸು."

ಪಾಚಿ ಮತ್ತೆ ಕಟ್ಟಲು ಮೂರು ವಾರ ಬೇಕು, ಅಲ್ಲಿಯವರೆಗೆ ಕಾಯಿಸಿ ಕುಡಿಯಿರಿ ಎಂದ ವಿಲ್ನೆರ್. ಸೀಸೆಯನ್ನು ಚೀಲದಿಂದ ತೆಗೆದು ತುಸು ಹೊತ್ತು ಹಿಡಿದುಕೊಂಡಿದ್ದ. ತುಂಬಿಸಲಿಲ್ಲ. ಹಾಳೆಯಲ್ಲಿ ಏನೋ ಬರೆದ. ನನಗೆ ಓದು ಬಾರದೆಂದು ತಾನೇ ಓದಿ ಹೇಳಿದ.

"ಮನೆಗೆ ಬೀಗ ಹಾಕಿತ್ತು."

ನಮ್ಮ ಕುರ್ಚಿಯಲ್ಲಿ ಕೂತೇ ಹಾಗೆ ಬರೆದಿದ್ದ. ನಾನು ಇನ್ನೊಂದು ಲೋಟ ಕಾಫಿ ಬಗ್ಗಿಸಿದೆ.

ಮೂರು ವಾರ ಡ್ಯೂಲಾ ಸೌದೆಗೆ ಅಲೆದಳು. ಈ ಬೋಳು ಗುಡ್ಡದ ತಪ್ಪಲಲ್ಲಿ ಸೌದೆ ಎಲ್ಲಿಯದು? ಒಣಗಿದ ಜೋಳದ ದಂಟನ್ನೂ ಉರಿಸಿದೆವು. ಪೆಟ್ಟಿಗೆಗೆ ದಿನಾ ನೀರು ಹಾಕಿದೆವು, ಮರಳು ಮುಟ್ಟಲಿಲ್ಲ.

ಇಪ್ಪತ್ತಮೂರನೆಯ ದಿನ ವಿಲ್ನೆರ್ ಬದಲು ಆಫೀಸಿನಿಂದ ಒಬ್ಬ ಹೆಂಗಸು ಬಂದಳು. ಕೂರಲಿಲ್ಲ, ಕಾಫಿ ಬೇಡವೆಂದಳು, ಸೀಸೆ ತುಂಬಿಕೊಂಡು ಹೋದಳು. ಎರಡು ದಿನ ಬಿಟ್ಟು ಬಂದು ನೀರು ಒಳ್ಳೆಯದಿದೆ, ಪೆಟ್ಟಿಗೆ ಇಲ್ಲೇ ಇರಲಿ ಎಂದಳು. ವಿಲ್ನೆರ್ ಎಲ್ಲಿ ಎಂದು ಕೇಳಿದೆ. ಒಂದೇ ತಿಂಗಳಲ್ಲಿ ಒಂಬತ್ತು ಮನೆಗೆ ಬೀಗ ಹೇಗೆ ಬಿತ್ತೆಂದು ಆಫೀಸಿನವರು ಕೇಳಿದರಂತೆ. ಬೀಗ ಹಾಕಿತ್ತು ಎಂದೇ ಅವನು ಹೇಳಿದನಂತೆ. ಕೆಲಸ ಹೋಗಿ, ಬಟ್ಟೆಬರೆ ಕಟ್ಟಿಕೊಂಡು ಲಾರಿ ಹತ್ತಿದ್ದು ಹಿಂದಿನ ಮಂಗಳವಾರ.