ಬಾಯಲ್ಲಿ ಕೈ ತೊಳೆದವಳು

ತರಕಾರಿ ಮಾರುವ ಆ ಹೆಂಗಸಿಗೆ ತುತ್ತೂರಿ ಅಂತ ಯಾರು ಹೆಸರಿಟ್ಟರೋ ಗೊತ್ತಿಲ್ಲ, ಇಟ್ಟವರಿಗೆ ಕಿವಿ ಚೆನ್ನಾಗಿತ್ತು ಅನ್ನುವುದು ಮಾತ್ರ ಖಂಡಿತ. ಅವಳ ತಳ್ಳುಗಾಡಿ ಬೀದಿಯ ತಿರುವಿನಲ್ಲಿ ಇರುವಾಗಲೇ ಆ ತುದಿಯ ಮನೆಯವರು ಚೀಲ ಹುಡುಕಲು ಎದ್ದುಬಿಡುತ್ತಿದ್ದರು. ಬದನೇಕಾಯಿ ಎಳೆಯದು ಅನ್ನುವ ಸುದ್ದಿಯ ಜೊತೆಗೇ ಯಾರ ಮನೆಗೆ ನೆಂಟರು ಬಂದರು, ಯಾರ ಮಗ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ, ಎಲ್ಲ ಒಂದೇ ಉಸಿರಿನಲ್ಲಿ ಬರುತ್ತಿತ್ತು.

ಆ ವರ್ಷ ಬೀದಿಯ ಮಕ್ಕಳಿಗೆ ಭೇದಿ ಹತ್ತಿಕೊಂಡಿತು. ಒಂದು ಮಗು ಚೇತರಿಸಿಕೊಂಡಿತು ಅನ್ನುವಷ್ಟರಲ್ಲಿ ಪಕ್ಕದ ಮನೆಯದಕ್ಕೆ ಶುರು. ಆರೋಗ್ಯ ಕೇಂದ್ರದ ನರ್ಸಮ್ಮ ಮೇಲಿನ ಕಚೇರಿಯಿಂದ ಬಂದ ಹಾಳೆ ಹಿಡಿದು, ಬೀದಿ ನಲ್ಲಿಯ ಪಕ್ಕ ನಿಂತು ಮೈಕಿನಲ್ಲಿ ಓದಿದರು: "ಶೌಚಾನಂತರ ಹಾಗೂ ಭೋಜನಪೂರ್ವದಲ್ಲಿ ಹಸ್ತಪ್ರಕ್ಷಾಲನೆ ಮಾಡತಕ್ಕದ್ದು." ಮೂರು ದಿನ ಹೀಗೇ ಓದಿದರು. ನಾಲ್ಕನೇ ದಿನ ಎದುರು ಅಂಗಡಿಯ ದರ್ಜಿ ಹೊಲಿಗೆ ಬಿಟ್ಟು ಎದ್ದು ಬಂದು, ಈ ಹಸ್ತಪ್ರಕ್ಷಾಲನೆ ಅನ್ನೋ ಕಾಯಿಲೆ ದೊಡ್ಡವರಿಗೂ ಅಂಟುತ್ತದೆಯೇ ಎಂದು ಬಹಳ ಕಾಳಜಿಯಿಂದ ವಿಚಾರಿಸಿದ.

ನರ್ಸಮ್ಮ ನಲ್ಲಿಕಟ್ಟೆಯ ಮೇಲೆ ಕುಸಿದು ಕೂತರು. ಅಷ್ಟರಲ್ಲಿ ತುತ್ತೂರಿಯ ಗಾಡಿ ಬಂತು. ಒಂದು ಕೂಗಿಗೆ ಐದಾರು ಬಾಗಿಲು ತೆರೆದುಕೊಂಡವು. ನರ್ಸಮ್ಮ ಹಾಳೆಯನ್ನು ಮಡಿಚಿ ಚೀಲಕ್ಕೆ ತುರುಕಿ, ಸೀದಾ ಗಾಡಿಯ ಹತ್ತಿರ ಹೋಗಿ, ಕೈ ತೊಳೆಯುವ ವಿಷಯ ನೀವೇ ಕೂಗಿ ಹೇಳಿ ಅಂದರು.

ತುತ್ತೂರಿ ಮೊದಲು ಒಪ್ಪಲಿಲ್ಲ. ತನಗೆ ಓದು ಬರುವುದಿಲ್ಲ, ಸರ್ಕಾರದ ಮಾತು ತನ್ನ ನಾಲಿಗೆಗೆ ಹೊರಳುವುದಿಲ್ಲ ಅಂದಳು. ನಿಮ್ಮ ಮಾತಲ್ಲೇ ಹೇಳಿ ಅಂತ ನರ್ಸಮ್ಮ ಅಂದಮೇಲೆ ಒಪ್ಪಿದಳು. ಮೈಕು ಮಾತ್ರ ವಾಪಸ್ ಕೊಟ್ಟಳು, ಅದು ಅವಳ ದನಿಗೆ ಅಡ್ಡ ಬರುತ್ತಿತ್ತಂತೆ.

ಮಾರನೇ ದಿನ ಮಧ್ಯಾಹ್ನ ಬೀದಿಯ ನಡುವೆ ಗಾಡಿ ನಿಲ್ಲಿಸಿದಳು.

"ಊಟಕ್ಕೆ ಕೂತೋರೇ, ಬೆಳಿಗ್ಗೆಯಿಂದ ನಿಮ್ಮ ಕೈ ಎಲ್ಲೆಲ್ಲಿ ಹೋಗಿ ಬಂತು ಅಂತ ನೀವೇ ಹೇಳ್ತೀರೋ, ಇಲ್ಲಾ ನಾನು ಹೇಳ್ಲೋ?"

ಅವಳಿಗೆ ಗೊತ್ತಿಲ್ಲದ ಸಂಗತಿ ಆ ಬೀದಿಯಲ್ಲಿ ಯಾವುದಿತ್ತು? ತುತ್ತು ಬಾಯಿಗಿಡಲಿದ್ದ ದರ್ಜಿ ತಟ್ಟೆ ಬಿಟ್ಟು ನಲ್ಲಿಗೆ ಓಡಿದ. ವಾರ ಕಳೆಯುವುದರೊಳಗೆ ನೆಂಟರಿಗೆಂದು ಪೆಟ್ಟಿಗೆಯಲ್ಲಿಟ್ಟಿದ್ದ ಸೋಪುಗಳೆಲ್ಲ ಬಚ್ಚಲಿಗೆ ಬಂದವು. ತುತ್ತೂರಿಯ ಕಾಲು ನೆಲದ ಮೇಲೆ ನಿಲ್ಲದ ಹಾಗಾಯಿತು. ನರ್ಸಮ್ಮ ಎದುರಾದರೆ ಡಾಕ್ಟರು ಡಾಕ್ಟರನ್ನು ಕಂಡ ಹಾಗೆ ತಲೆಯಾಡಿಸುತ್ತಿದ್ದಳು.

ಆದರೆ ಮನೆಯಲ್ಲಿ ಕತೆಯೇ ಬೇರೆ. ದಿನವಿಡೀ ಕೂಗಿ ಸುಸ್ತಾಗಿ ಬಂದವಳು ಕೈಯನ್ನು ಸೆರಗಿಗೆ ಒರೆಸಿ ತಟ್ಟೆಗೆ ಹಾಕುತ್ತಿದ್ದಳು, ಅದೇ ಕೈಯಲ್ಲಿ ನಾಲ್ಕು ವರ್ಷದ ಮೊಮ್ಮಗಳಿಗೂ ತುತ್ತು ಕೊಡುತ್ತಿದ್ದಳು. ತರಕಾರಿ ಮಣ್ಣು ಕೊಳೆಯಲ್ಲ ಅನ್ನುವುದು ಅವಳ ವಾದ. ಸೊಸೆ ಒಂದೆರಡು ಸಲ ಸೋಪಿನ ಕಡೆ ನೋಡಿದಳು, ಅತ್ತೆಯ ಕಡೆ ನೋಡಿದಳು, ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಹದಿನೈದು ದಿನಕ್ಕೆ ಮೊಮ್ಮಗಳಿಗೇ ಭೇದಿ ಶುರುವಾಯಿತು. ಅತ್ತೆ ಸೊಸೆ ಇಬ್ಬರೂ ಮಗುವನ್ನು ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಓಡಿದರು. ಅಲ್ಲಿ ಬೆಂಚಿನ ತುಂಬ ಬೀದಿಯ ಹೆಂಗಸರೇ. ನರ್ಸಮ್ಮ ಮಗುವಿಗೆ ಉಪ್ಪು ಸಕ್ಕರೆ ನೀರು ಕುಡಿಸುತ್ತಾ, ಅದರ ಮನಸ್ಸು ಬೇರೆ ಕಡೆ ತಿರುಗಲಿ ಅಂತ, ನಿಮ್ಮಜ್ಜಿ ಹೇಗೆ ಕೈ ತೊಳೀತಾರೆ, ಎಲ್ಲರಿಗೂ ತೋರಿಸು ಪುಟ್ಟಿ ಅಂದರು.

ಮಗು ಲೋಟದಿಂದ ಮುಖವೆತ್ತಿತು. "ಅಜ್ಜಿ ಬಾಯಲ್ಲಿ ತೊಳೀತಾಳೆ," ಅಂತು.

ಬೆಂಚು ಒಂದು ಕ್ಷಣ ನಗು ತಡೆದುಕೊಂಡಿತು, ಆಮೇಲೆ ಆಗಲಿಲ್ಲ. ಬೀದಿಯ ಸುದ್ದಿಯನ್ನೆಲ್ಲ ಹೊತ್ತು ತಿರುಗಿದವಳ ಸುದ್ದಿ ಅವಳಿಗಿಂತ ಮೊದಲೇ ಬೀದಿ ಸೇರಿತು. ಮಾರನೇ ದಿನ ಅವಳು ಬಾಯಿಗೆ ಬೀಗ ಹಾಕಿಕೊಂಡು ಗಾಡಿ ತಳ್ಳಿದಳು. ದರ್ಜಿ ಬಂದು ತರಕಾರಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ. ಅರ್ಧ ಕೆಜಿ ಹಾಕಮ್ಮ," ಅಂದ. ಅವಳು ತಲೆ ಎತ್ತದೆ ತೂಗಿ ಕೊಟ್ಟಳು.

ಮಗು ಎರಡು ದಿನಕ್ಕೆ ಎದ್ದು ಆಡತೊಡಗಿತು. ಅಜ್ಜಿ ಮಾತ್ರ ಗೋಡೆಗೊರಗಿ ಕೂತೇ ಇದ್ದಳು. ಇನ್ನು ಕೂಗುವುದಿಲ್ಲ, ನರ್ಸಮ್ಮನಿಗೆ ಹೇಳಿಬಿಡುತ್ತೇನೆ ಅಂದಳು. ಸೊಸೆ ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟಳು.

"ನಿಲ್ಲಿಸ್ಬೇಡಿ ಅತ್ತೆ. ಊರೆಲ್ಲ ನಿಮ್ಮ ಮಾತು ಕೇಳ್ತು. ನೀವೂ ಒಂಚೂರು ಕೇಳಿಸ್ಕೊಂಡಿದ್ರೆ ಸಾಕಿತ್ತು."

ತುತ್ತೂರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಷ್ಟು ವರ್ಷದಲ್ಲಿ ಈ ಹುಡುಗಿ ಇಷ್ಟುದ್ದ ಮಾತಾಡಿದ್ದೇ ಇಲ್ಲವಲ್ಲ ಅನ್ನಿಸಿತು. ತಾನು ಮಾತಾಡಲು ಬಿಟ್ಟಿದ್ದರೆ ತಾನೇ, ಅಂತಲೂ ಅನ್ನಿಸಿತು.

ಮರುದಿನ ಮಧ್ಯಾಹ್ನ ಗಾಡಿ ಮತ್ತೆ ಬೀದಿಯ ನಡುವೆ ನಿಂತಿತು. ಗಾಡಿಯ ಹಿಡಿಯಿಂದ ದಾರದಲ್ಲಿ ಒಂದು ಸೋಪು ನೇತಾಡುತ್ತಿತ್ತು, ಪಕ್ಕದಲ್ಲಿ ಒಂದು ಬಿಂದಿಗೆ ನೀರು.

"ನಿಮಗೆಲ್ಲ ಹೇಳಿ ನಾನು ಮಾತ್ರ ತೊಳೀಲಿಲ್ಲ," ಅಂದಳು, ಎಂದಿನ ದನಿಯಲ್ಲೇ. "ನನ್ನ ಕೈಯಿಂದಲೇ ನನ್ನ ಮೊಮ್ಮಗಳು ಮಲಗಿದ್ಲು. ನಗೋರು ನಕ್ಕುಬಿಡಿ, ಆಮೇಲೆ ಇಲ್ಲಿ ನೋಡಿ."

ಬೆರಳ ಸಂದಿ, ಉಗುರ ಬುಡ, ಮಣಿಕಟ್ಟು, ಒಂದನ್ನೂ ಬಿಡದೆ ಎಲ್ಲರ ಕಣ್ಣೆದುರು ತೊಳೆದಳು. ನಗಬೇಕೆಂದೇ ಬಂದವರು ನಗುವುದು ಮರೆತು ನೋಡಿದರು. ಆಮೇಲೆ ದರ್ಜಿಯ ಹೆಂಡತಿ ಮುಂದೆ ಬಂದು ಕೈ ನೀಡಿದಳು. ತುತ್ತೂರಿ ಅವಳಿಗೆ ನೀರು ಹೊಯ್ದಳು. ಅವಳ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು.

ಎರಡು ತಿಂಗಳಲ್ಲಿ ಆರೋಗ್ಯ ಕೇಂದ್ರದ ಬೆಂಚು ಅರ್ಧ ಖಾಲಿಯಾಯಿತು. ಗಾಡಿಯ ಸೋಪು ಮಾತ್ರ ಮೂರು ಸಲ ಕಳುವಾಯಿತು. ನರ್ಸಮ್ಮ ಬೇಸರಪಟ್ಟುಕೊಂಡರೆ ತುತ್ತೂರಿ ಹೊಸ ದಾರಕ್ಕೆ ಗಂಟು ಹಾಕುತ್ತಾ ಹೇಳಿದಳು:

"ಬಿಡಿ ನರ್ಸಮ್ಮ, ಕದ್ದೋರೂ ತೊಳೀತಾರಲ್ಲ."