ಬಾಲದ ಭಾರ

ನಾನು ಒಂದು ಯುದ್ಧವಿಮಾನ. ಹಾಗೆಂದ ಕೂಡಲೇ ನೀವು ಎದ್ದು ನಿಲ್ಲಬೇಕಾಗಿಲ್ಲ. ನಾನು ಯುದ್ಧ ನೋಡಿದವನಲ್ಲ, ಒಂದು ಗುಂಡು ಹಾರಿಸಿದವನೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದ ಒಂಟಿ ಪಂಖದ ವಿಮಾನವೊಂದನ್ನು ನೋಡಿ, ಅದರ ಅಳತೆ ಕುಗ್ಗಿಸಿ ನನ್ನನ್ನು ಮಾಡಿದ್ದಾರೆ. ನೆಲದ ಮೇಲೆ ನಿಂತವರು ಕೈಯಲ್ಲಿ ರಿಮೋಟ್ ಹಿಡಿದು ಹಾರಿಸಿದರೆ ಹಾರಬೇಕು, ಇಳಿಸಿದರೆ ಇಳಿಯಬೇಕು. ಕುಗ್ಗಿಸಿದರೂ ಆಟಿಕೆ ಎನ್ನುವಷ್ಟು ಚಿಕ್ಕವನೇನಲ್ಲ. ರೆಕ್ಕೆ ಜೋಡಿಸಿ ಗೋಡೆಗೆ ಒರಗಿಸಿದರೆ ನಿಮ್ಮ ತಲೆಯ ಮೇಲೆ ಇನ್ನೂ ಒಂದು ಗೇಣು ಉಳಿದೇನು.

ನನ್ನ ಹುಟ್ಟಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಯಾವುದೋ ಊರಿನ ಕಾರ್ಖಾನೆಯಲ್ಲಿ ಒಂದು ಯಂತ್ರ ಹಗುರ ಕಟ್ಟಿಗೆಯ ಹಲಗೆಗಳಿಂದ ನನ್ನ ಪಕ್ಕೆಲುಬುಗಳನ್ನು ಕತ್ತರಿಸಿತು. ಮೈ ಒಂದು ಚೀಲದಲ್ಲಿ, ರೆಕ್ಕೆ ಒಂದರಲ್ಲಿ, ಬಾಲ ಇನ್ನೊಂದರಲ್ಲಿ ಸೇರಿಕೊಂಡು ಉದ್ದನೆಯ ರಟ್ಟಿನ ಪೆಟ್ಟಿಗೆಯೊಳಗೆ ಮಲಗಿದೆ. ಅದರಲ್ಲೇ ಹುಬ್ಬಳ್ಳಿಗೆ ಬಂದೆ.

ತರಿಸಿಕೊಂಡವಳು ಶಾಂಭವಿ. ಮೈಸೂರಿನಲ್ಲಿ ಓದುವಾಗ ಎನ್‌ಸಿಸಿಯ ವಾಯುವಿಭಾಗ ಸೇರಿ ವಿಮಾನದ ಮಾದರಿ ಕಟ್ಟುವುದನ್ನು ಕಲಿತಿದ್ದಳು. ಅಲ್ಲಿನ ಶಿಬಿರದಲ್ಲೇ ಅವಳಿಗೆ ಪ್ರಭುಲಿಂಗ ಸಿಕ್ಕಿದ್ದು. ಅವನಿಗೆ ಕಟ್ಟಲು ಬಾರದು, ಹಾರಿಸಲು ಬರುತ್ತದೆ. ಮದುವೆಯಾದ ಮೇಲೂ ಅವಳು ಕಟ್ಟಿದಳು, ಅವನು ಹಾರಿಸಿದ. ಹುಬ್ಬಳ್ಳಿಯಲ್ಲಿ ಅವನದೊಂದು ಕನ್ನಡಕದ ಅಂಗಡಿ ಇತ್ತು, ಮಕ್ಕಳಿರಲಿಲ್ಲ. ನಾನು ಬಂದ ದಿನ ಶಾಂಭವಿ ಪೆಟ್ಟಿಗೆಯ ಮುಚ್ಚಳ ತೆಗೆದು, ನನ್ನ ಒಂದು ಪಕ್ಕೆಲುಬನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಮಳಿಗಾಲ ಮುಗೀಲಿ, ಶುರು ಮಾಡೂಣು," ಎಂದು ಗಂಡನಿಗೆ ಹೇಳಿ, ಮುಚ್ಚಿ ಮಂಚದ ಕೆಳಗೆ ಸರಿಸಿದಳು.

ಮಳೆಗಾಲ ಮುಗಿಯುವ ಮೊದಲೇ ಅವಳಿಗೆ ಜ್ವರ ಬಂತು. ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಮಂಚದ ಕೆಳಗೆ, ಪೆಟ್ಟಿಗೆಯ ಸಂದಿಯಿಂದ ನಾನು ಬಹಳ ಜನರ ಕಾಲುಗಳನ್ನು ನೋಡಿದೆ. ಕೆಲವು ದಿನಗಳ ನಂತರ ಒಂದೇ ಜೊತೆ ಕಾಲು ಉಳಿಯಿತು. ನನಗೆ ಏನೂ ಅನ್ನಿಸಲಿಲ್ಲ. ದುಃಖವಾಗಬೇಕಾದರೂ ಮೈ ಒಂದು ಕಡೆ ಕೂಡಿರಬೇಕಲ್ಲ, ನಾನಿನ್ನೂ ಚೀಲಗಳಲ್ಲಿದ್ದೆ.

ಮುಂದಿನ ಬೇಸಿಗೆಯಲ್ಲಿ ಪ್ರಭುಲಿಂಗ ಪೆಟ್ಟಿಗೆಯನ್ನು ಹೊತ್ತುಕೊಂಡು ಧಾರವಾಡದ ಬಸ್ಸು ಹತ್ತಿದ. ಧಾರವಾಡದಲ್ಲಿ ಅವನ ಮಾವ, ಶಾಂಭವಿಯ ತಂದೆ ಚನ್ನವೀರಪ್ಪನವರು ಹಾರ್ಮೋನಿಯಂ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದರು. ಹೆಂಡತಿ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಶಾಂಭವಿ ಅವರಿಗೆ ಒಬ್ಬಳೇ ಮಗಳು. ಅವಳ ಕಾರ್ಯಗಳೆಲ್ಲ ಮುಗಿದ ಮೇಲೆ ಮಾವ ಅಳಿಯ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಜಗಳವೇನೂ ಇರಲಿಲ್ಲ. ಆಡಲು ಮಾತೂ ಇರಲಿಲ್ಲ.

ಪ್ರಭುಲಿಂಗ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು ಅಂದ, "ಆಕಿ ತರಸಿದ್ಲರಿ ಮಾವಾರ. ನನಗ ಕಟ್ಟಾಕ ಬರೂದಿಲ್ಲ. ಹಂಗ ಇಡಾಕೂ ಮನಸ್ಸಾಗವಲ್ದು."

ಚನ್ನವೀರಪ್ಪನವರು ಮುಚ್ಚಳ ತೆಗೆದರು. ಮಗಳು ಎತ್ತಿ ನೋಡಿದ್ದ ಅದೇ ಪಕ್ಕೆಲುಬನ್ನೇ ಎತ್ತಿದರು, ಅವರಿಗದು ಗೊತ್ತಿರಲಿಲ್ಲ. ಬೆರಳಿನ ಗೆಣ್ಣಿನಿಂದ ಕುಟ್ಟಿ ಕಿವಿಗೆ ಹಿಡಿದರು. ಹಾರ್ಮೋನಿಯಂ ಹಲಗೆಯನ್ನೂ ಅವರು ಹಾಗೇ ನೋಡುತ್ತಿದ್ದರು.

"ಕಟ್ಟಿಗಿ ಚಲೋ ಐತಿ," ಎಂದರು. "ಐತವಾರ ಬರ್ರಿ. ಒಬ್ಬರ ಕೈಲೆ ಆಗೂದಲ್ಲ ಇದು."

ಹೀಗೆ ಐತವಾರಗಳು ಶುರುವಾದವು. ಅಳಿಯ ಬೆಳಗಿನ ಬಸ್ಸಿಗೆ ಬರುತ್ತಿದ್ದ, ಕನ್ನಡಕದ ಅಂಗಡಿಯ ಸಣ್ಣ ಸ್ಕ್ರೂಡ್ರೈವರುಗಳನ್ನು ಜೇಬಿನಲ್ಲಿ ತರುತ್ತಿದ್ದ. ಒಬ್ಬರು ಹಿಡಿದರೆ ಇನ್ನೊಬ್ಬರು ಅಂಟು ಹಚ್ಚುವರು. ಅಂಟು ಆರುವವರೆಗೆ ಇಬ್ಬರೂ ನನ್ನನ್ನು ಹಿಡಿದು ಕೂತಿರುವರು. ಸತ್ತವಳ ಹೆಸರು ಒಂದು ಸಲವೂ ಬರಲಿಲ್ಲ. ಮಧ್ಯಾಹ್ನ ಪಕ್ಕದ ಖಾನಾವಳಿಯ ನೀಲವ್ವ ರೊಟ್ಟಿ, ಪಲ್ಲೆ ತಂದಿಟ್ಟು, ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡುತ್ತಿದ್ದಳು.

"ಒಬ್ಬರರ ಅಳಬಾರದ? ಇಬ್ಬರೂ ಮರಗಟ್ಟಿ ಕುಂತೀರಿ," ಎಂದು ಒಮ್ಮೆ ಅಂದೇ ಬಿಟ್ಟಳು. ನನ್ನನ್ನು ಬಿಟ್ಟು ಇನ್ಯಾರಿಗೂ ಅದು ಕೇಳಿಸಿದ ಹಾಗೆ ಕಾಣಲಿಲ್ಲ. ನಾನಂತೂ ಹುಟ್ಟಿನಿಂದಲೇ ಕಟ್ಟಿಗೆ, ನಾನೇನು ಅಳಲಿ?

ಮೈ ಕೂಡಿತು. ರೆಕ್ಕೆ ಬಂತು. ಚುಕ್ಕಾಣಿ ಅಲ್ಲಾಡಿಸುವ ಸಣ್ಣ ಮೋಟಾರುಗಳು ಹೊಟ್ಟೆಯೊಳಗೆ ಕೂತವು, ಮೂತಿಗೆ ಪೆಟ್ರೋಲ್ ಎಂಜಿನ್ ಬಂತು. ಕಡೆಗೆ ಸಮತೂಕ ನೋಡುವ ದಿನ. ಇದಕ್ಕೆ ಇಬ್ಬರು ಬೇಕು. ಎರಡೂ ರೆಕ್ಕೆಗಳ ಕೆಳಗೆ ಗುರುತು ಹಾಕಿದ ಜಾಗದಲ್ಲಿ ಒಬ್ಬೊಬ್ಬರು ಬೆರಳ ತುದಿ ಕೊಟ್ಟು ಎತ್ತಬೇಕು. ಬಾಲ ಇಳಿದರೆ ವಿಮಾನ ಹಾರುವುದಿಲ್ಲ, ಹಾರಿದರೂ ಮುಗ್ಗರಿಸುತ್ತದೆ. ಇಬ್ಬರೂ ಎತ್ತಿದರು. ನಾನು ಗಾಳಿಯಲ್ಲಿ ನೆಟ್ಟಗೆ ನಿಂತೆ. ಎತ್ತಿ ಹಿಡಿದವರು ಎದುರುಬದುರಾಗಿ ನಿಲ್ಲಲೇಬೇಕು, ಹಾಗಾಗಿ ಅವತ್ತು ಇಬ್ಬರೂ ಮುಖ ಮುಖ ನೋಡಿಕೊಂಡರು.

"ಸರಿಯಾಗಿ ನಿಂತೈತ್ರಿ. ಬರೂ ಐತವಾರ ಹಾರಸೂಣು," ಎಂದ ಪ್ರಭುಲಿಂಗ.

ಆ ವಾರವೇ ನೀಲವ್ವ ಸುದ್ದಿ ತಂದಳು. "ನಿಮ್ಮ ಅಳಿಯಾಗ ಗದಗಿನ್ಯಾಗ ಹೆಣ್ಣು ನೋಡ್ಯಾರಂತ. ಅವರವ್ವನ ಕಡಿಯವರು ನಮ್ಮ ಖಾನಾವಳಿಗೆ ಬಂದಿದ್ರು. ಅಂವಂದು ತಪ್ಪೇನಿಲ್ಲ ಬಿಡ್ರಿ, ಇನ್ನೂ ವಯಸೈತಿ. ಆದ್ರ ಈ ಇಮಾನ ಒಂದು ಹಾರ್ತಂದ್ರ, ಆಮ್ಯಾಲೆ ನಿಮ್ಮ ಮನಿಗೆ ಅಂವ ಯಾವ ನೆವದ್ಲೆ ಬರ್ಬೇಕು?"

ಚನ್ನವೀರಪ್ಪನವರು ರೊಟ್ಟಿ ಮುರಿಯುತ್ತಿದ್ದರು, ಮುರಿಯುತ್ತಲೇ ಇದ್ದರು. ತಿನ್ನಲಿಲ್ಲ.

ಐತವಾರ ಅಳಿಯ ಬಂದಾಗ ನನ್ನ ಬಾಲದ ಗಾಲಿಗೆ ಹಿತ್ತಾಳೆಯ ಒಂದು ಕವಚ ಬಂದಿತ್ತು. ಹಳೇ ಹಾರ್ಮೋನಿಯಂ ಒಂದರ ಹಿತ್ತಾಳೆ ಪಟ್ಟಿಯನ್ನು ಬಗ್ಗಿಸಿ, ಉಜ್ಜಿ, ನಾಲ್ಕು ಸ್ಕ್ರೂ ಬಿಗಿದು ಕೂರಿಸಿದ್ದರು.

"ಬಾಲ ಬಿಕೋ ಅಂತಿತ್ತು," ಎಂದರು ಮಾವ.

ಇಬ್ಬರೂ ಬೆರಳು ಕೊಟ್ಟು ಎತ್ತಿದರು. ಬಾಲ ಧೊಪ್ಪನೆ ಇಳಿಯಿತು. ನನ್ನಂಥವರ ಮೈಯ ಲೆಕ್ಕ ವಿಚಿತ್ರ. ಬಾಲ ದೂರ, ಮೂತಿ ಹತ್ತಿರ, ಆದ್ದರಿಂದ ಬಾಲಕ್ಕೆ ಒಂದು ಪಾಲು ಭಾರ ಸೇರಿಸಿದರೆ ಮೂತಿಗೆ ಮೂರು ಪಾಲು ಸೇರಿಸಬೇಕು. ಎಂಜಿನ್ನಿನ ಪಕ್ಕಕ್ಕೆ ಸೀಸದ ತುಂಡುಗಳನ್ನು ಅಂಟಿಸಿ ಸರಿಮಾಡುವಷ್ಟರಲ್ಲಿ ಬಿಸಿಲು ಹೋಯಿತು. ಅವತ್ತು ಹಾರಾಟ ಇಲ್ಲ.

ಮುಂದಿನ ವಾರ ಬಾಲಕ್ಕೊಂದು ಕೆಂಪು ದೀಪ ಬಂತು, ಮೂತಿಗೆ ಮತ್ತೆ ಸೀಸ. ಅದರ ಮುಂದಿನ ವಾರ ರೆಕ್ಕೆಗೆ ಹಿತ್ತಾಳೆ ಕೊಳವೆಯ ಬಂದೂಕುಗಳು. ಆಮೇಲೆ ಮೈತುಂಬ ರಿವೆಟ್ಟುಗಳು. ರಿವೆಟ್ಟೆಂದರೆ ತಗಡಿಗೆ ಹೊಡೆದ ಮೊಳೆಯ ತಲೆಯ ಹಾಗೆ ಕಾಣುವ ಅಂಟಿನ ಒಂದೊಂದೇ ಹನಿ, ಕಡ್ಡಿಯ ತುದಿಯಿಂದ ಸಾಲಾಗಿ ಇಡುವುದು. ಆಮೇಲೆ ಬಣ್ಣ. ಬಣ್ಣ ಒಣಗಿದ ಮೇಲೆ ಗಾಯಗಳು. ಎಂಜಿನ್ನಿನ ಹಿಂದೆ ಮಸಿ, ಚಾಲಕನ ಬಾಗಿಲ ಅಂಚಿನಲ್ಲಿ ಸವೆತ, ಹೊಟ್ಟೆಯ ಮೇಲೆ ಎಣ್ಣೆ ಸೋರಿದ ಕಲೆ. ಒಂದು ದಿನವೂ ಬಿಸಿಲು ಕಾಣದ ನನ್ನ ಮೇಲೆ ಅವರು ಹಳೇ ಯುದ್ಧದ ಗಾಯಗಳನ್ನು ಕೂತು ಬರೆದರು. ಮೈಯೆಲ್ಲ ಗಾಯ, ನೋವು ಮಾತ್ರ ಎಲ್ಲೂ ಇಲ್ಲ. ಅಂಗಡಿಯಲ್ಲಿ ಮೂವರೂ ಹಾಗೇ ಇದ್ದೆವು.

ಅಳಿಯನಿಗೆ ಇದೆಲ್ಲ ತಿಳಿಯಲಿಲ್ಲವೆಂದು ನಾನು ಹೇಳಲಾರೆ. ಹಾರಿಸಿ ಪಳಗಿದ ಕೈ ಅದು, ನನ್ನನ್ನು ಎತ್ತಿದಾಗಲೆಲ್ಲ ತಡವರಿಸುತ್ತಿತ್ತು. ಆದರೂ ಕೇಳಲಿಲ್ಲ. ಅವನ ಹೊಟ್ಟೆಯೊಳಗೂ ಒಂದು ಮಾತು ಕೂತಿತ್ತು. ಹಾರಾಟ ಮುಂದಕ್ಕೆ ಹೋದಷ್ಟೂ ಆ ಮಾತು ಮುಂದಕ್ಕೆ ಹೋಗುತ್ತಿತ್ತು.

ಕಡೆಗೊಂದು ಐತವಾರ, ಬಾಲದ ದೀಪದ ಕಿತ್ತುಹೋದ ತಂತಿ ಬೆಸೆಯುತ್ತಿದ್ದವನು ತಲೆ ಎತ್ತದೆ ಅಂದ, "ಅವ್ವ ಗದಗಿನ್ಯಾಗ ಒಂದ್ ಕಡೆ ಮಾತಾಡ್ಯಾಳ್ರಿ ಮಾವಾರ. ನಾ ಇನ್ನೂ ಏನೂ ಹೇಳಿಲ್ಲ. ನೀವು ಹೂಂ ಅಂದ್ರಷ್ಟ."

ಚನ್ನವೀರಪ್ಪನವರು ಸ್ಕ್ರೂ ತಿರುಗಿಸುತ್ತಿದ್ದರು. ಅದು ಆಗಲೇ ಬಿಗಿಯಾಗಿತ್ತು. ಅವರು ಇನ್ನೂ ತಿರುಗಿಸಿದರು.

"ಬರೂ ಐತವಾರ ಹಾರಸೇ ಬಿಡೂಣು," ಎಂದರು.

ಆ ವಾರದ ನಡುವೆ ಒಂದು ಮಧ್ಯಾಹ್ನ ಅವರು ಅಂಗಡಿಯ ಬಾಗಿಲು ಮುಂದೆ ಮಾಡಿಕೊಂಡು ನನ್ನ ಹತ್ತಿರ ಕೂತರು. ಬಾಲದ ಹಿತ್ತಾಳೆ ಕವಚ ಬಿಚ್ಚಿದರು. ದೀಪ ಬಿಚ್ಚಿದರು, ಬಂದೂಕುಗಳನ್ನು ಎಳೆದು ತೆಗೆದರು. ಎಂಜಿನ್ನಿನ ಪಕ್ಕದ ಸೀಸವನ್ನು ಉಳಿಯಿಂದ ಮೆಲ್ಲಗೆ ಎಬ್ಬಿಸಿದರು. ಎಲ್ಲವನ್ನೂ ಹಾರ್ಮೋನಿಯಂನ ಹಳೇ ರೀಡುಗಳನ್ನು ಇಡುವ ತಗಡಿನ ಡಬ್ಬಿಗೆ ಹಾಕಿದರು. ಸ್ಕ್ರೂ ಇದ್ದ ತೂತುಗಳಿಗೆ ಮೇಣ ತುಂಬಿ ಮೇಲೆ ಬಣ್ಣ ಹಚ್ಚಿದರು. ಸಮತೂಕ ನೋಡಲು ಇಬ್ಬರು ಬೇಕಿತ್ತು. ಅವರು ಎರಡು ಹಾರ್ಮೋನಿಯಂ ಪೆಟ್ಟಿಗೆಗಳನ್ನು ಎದುರುಬದುರು ಇಟ್ಟು, ಅವುಗಳ ಮೇಲೆ ಎರಡು ಗೂಟ ನಿಲ್ಲಿಸಿ, ನನ್ನನ್ನು ಅವುಗಳ ಮೇಲೆ ಇಳಿಸಿದರು. ನಾನು ನೆಟ್ಟಗೆ ನಿಂತೆ. ಆಮೇಲೆ ಅವರು ನನ್ನನ್ನು ಎದೆಗೆ ಅವಚಿಕೊಂಡು ಬಹಳ ಹೊತ್ತು ಕೂತರು. ನನಗೆ ಮೊದಲ ಸಲ ಏನೋ ಅನ್ನಿಸಿತು. ಅದು ಭಯ. ನಾನು ಹಗುರಾಗಿದ್ದೆ, ನಿಜಕ್ಕೂ ಹಾರಿಹೋಗುವಷ್ಟು.

ಹಾರಿಸಲು ಊರ ಹೊರಗಿನ ದನದ ಸಂತೆಯ ಬಯಲು. ಸಂತೆಯಿಲ್ಲದ ದಿನ ಅಲ್ಲಿ ಗೂಟಗಳು ಕೂಡ ಇರುವುದಿಲ್ಲ. ಪ್ರಭುಲಿಂಗ ರಿಕ್ಷಾದಿಂದ ನನ್ನನ್ನು ಎತ್ತಿಕೊಂಡ. ಎತ್ತಿದವನು ಅಲ್ಲೇ ನಿಂತ. ಇನ್ನೂ ಭಾರ ಬಂದೀತೆಂದು ಕಾಯುವವನ ಹಾಗೆ ತೋಳು ಬಿಗಿಹಿಡಿದಿದ್ದ. ಬಾಲ ತಿರುಗಿಸಿ ನೋಡಿದ, ಮೇಣ ತುಂಬಿದ ತೂತುಗಳ ಮೇಲೆ ಹೆಬ್ಬೆರಳು ಆಡಿಸಿದ. ಮಾವ ಆಕಾಶ ನೋಡುತ್ತಿದ್ದರು.

ಹಾರಿಸುವ ಮೊದಲು ರಿಮೋಟಿನ ಮಾತು ಎಷ್ಟು ದೂರದವರೆಗೆ ನನಗೆ ಕೇಳಿಸುತ್ತದೆಂದು ನೋಡಬೇಕು. ಒಬ್ಬರು ನನ್ನನ್ನು ಹಿಡಿದುಕೊಂಡು ಕೂರುತ್ತಾರೆ, ಇನ್ನೊಬ್ಬರು ರಿಮೋಟ್ ಹಿಡಿದು ಚುಕ್ಕಾಣಿ ಆಡಿಸುತ್ತ ದೂರ ನಡೆಯುತ್ತಾರೆ. ಚುಕ್ಕಾಣಿ ಅಲ್ಲಾಡುವವರೆಗೆ ಕೂತವರು ಕೈ ಎತ್ತಿರಬೇಕು, ನಿಂತ ಕೂಡಲೇ ಇಳಿಸಬೇಕು. ಮಾವ ನನ್ನ ಬಾಲ ಹಿಡಿದು ಕೂತು ಕೈ ಎತ್ತಿದರು. ಅಳಿಯ ಹಿಂದೆ ಹಿಂದೆ ನಡೆದ. ಸಾಕೆನ್ನುವ ದೂರ ಬಂತು, ಅವನು ನಿಲ್ಲಲಿಲ್ಲ. ಬಯಲಿನ ಆಚೆ ಅಂಚಿನ ಬೇವಿನ ಮರದವರೆಗೂ ಹೋದ. ಅಷ್ಟು ದೂರದಲ್ಲಿ ಅವನ ಮುಖ ಕಾಣುತ್ತಿರಲಿಲ್ಲ. ನನ್ನ ಚುಕ್ಕಾಣಿ ಅಲ್ಲಾಡುತ್ತಲೇ ಇತ್ತು. ಮಾವನ ಕೈ ಇಳಿಯಲಿಲ್ಲ.

ಆಮೇಲೆ ನಾನು ಹಾರಿದೆ. ಹಾರಿದ್ದರ ಬಗ್ಗೆ ನೀವು ಬಹಳ ಕೇಳಬಯಸುತ್ತೀರಿ ಅಂತ ಬಲ್ಲೆ, ಹೇಳಲು ಹೆಚ್ಚಿಲ್ಲ. ಗಾಲಿಗಳು ನೆಲ ಬಿಟ್ಟವು. ಗಾಳಿ ತಣ್ಣಗಿತ್ತು. ಕೆಳಗೆ ಇಬ್ಬರು ಅಕ್ಕಪಕ್ಕ ನಿಂತಿದ್ದರು, ಮೇಲಿನಿಂದ ಯಾರು ಮಾವ ಯಾರು ಅಳಿಯ ಗೊತ್ತಾಗುತ್ತಿರಲಿಲ್ಲ. ಅವಳು ಇದ್ದಿದ್ದರೆ ಮೂವರು ನಿಂತಿರುತ್ತಿದ್ದರು. ನಾಲ್ಕು ಸುತ್ತು ಹಾಕಿಸಿ, ಒಂದು ಕುಪ್ಪಳಿಕೆಯೂ ಇಲ್ಲದೆ ಪ್ರಭುಲಿಂಗ ನನ್ನನ್ನು ಇಳಿಸಿದ.

ಎಂಜಿನ್ ನಿಂತ ಮೇಲೆ ಚನ್ನವೀರಪ್ಪನವರು, "ಹೂಂ," ಎಂದರು.

"ಏನ್ರಿ ಮಾವಾರ?"

"ಗದಗಿಂದು ಕೇಳಿದ್ರಲ್ಲ. ಹೂಂ ಅಂದೆ."

ಪ್ರಭುಲಿಂಗ ಬಗ್ಗಿ ನನ್ನ ರೆಕ್ಕೆಯ ಬೋಲ್ಟು ಬಿಚ್ಚತೊಡಗಿದ. ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಅವನಿಗೆ ಬೋಲ್ಟು ಕಾಣುತ್ತಿರಲಿಲ್ಲ.

ಮದುವೆ ಆಯಿತು. ಮಾವ ಹೋಗಿ ಅಕ್ಕಿಕಾಳು ಹಾಕಿ ಬಂದರು ಎಂದು ನೀಲವ್ವ ಯಾರಿಗೋ ಹೇಳುತ್ತಿದ್ದಳು. ನನ್ನನ್ನು ಅಂಗಡಿಯ ಗೋಡೆಗೆ, ಹಾರ್ಮೋನಿಯಂಗಳ ಮೇಲೆ ಎರಡು ಮೊಳೆ ಹೊಡೆದು ತೂಗುಹಾಕಿದ್ದರು. ಅಲ್ಲಿಂದ ನೋಡಿದರೆ ಚನ್ನವೀರಪ್ಪನವರ ನೆತ್ತಿ ಮಾತ್ರ ಕಾಣುತ್ತಿತ್ತು. ಐತವಾರವೂ ಅವರು ಅಂಗಡಿ ತೆಗೆಯತೊಡಗಿದರು. ಬೆಂಚಿನ ಒಂದು ತುದಿಯಲ್ಲೇ ಕೂತು ಕೆಲಸ ಮಾಡುತ್ತಿದ್ದರು, ಇನ್ನೊಂದು ತುದಿಯ ಸ್ಟೂಲಿನ ಮೇಲೆ ಯಾರಾದರೂ ಗಿರಾಕಿ ಕೂತರೆ ಎಬ್ಬಿಸುತ್ತಿದ್ದರು. ನನ್ನ ಮೇಲೆ ಧೂಳು ಕೂತಿತು. ನನಗೆ ಏನೂ ಅನ್ನಿಸಲಿಲ್ಲ, ಅಥವಾ ಅನ್ನಿಸಿದ್ದು ಏನೆಂದು ತಿಳಿಯಲಿಲ್ಲ.

ಮತ್ತೊಂದು ಮಳೆಗಾಲ ಕಳೆದು, ಒಂದು ಐತವಾರ ಪ್ರಭುಲಿಂಗ ಬಾಗಿಲಲ್ಲಿ ನಿಂತ. ಜೊತೆಗೆ ಹೊಸ ಹೆಂಡತಿ ಕಸ್ತೂರಿ. ನೀಲವ್ವ ಅವಳನ್ನು ಮಣೆಯ ಮೇಲೆ ಕೂರಿಸಿ, ತವರಿಗೆ ಬಂದ ಮಗಳಿಗೆ ತುಂಬುವ ಹಾಗೆ ಉಡಿ ತುಂಬಿದಳು. ಚನ್ನವೀರಪ್ಪನವರು ಗೋಡೆಗೆ ಒರಗಿ ನೋಡುತ್ತಿದ್ದರು. ಉಡಿಯಲ್ಲಿ ತೆಂಗಿನಕಾಯಿ ಹಿಡಿದುಕೊಂಡೇ ಕಸ್ತೂರಿ ತಲೆ ಎತ್ತಿ ನನ್ನನ್ನು ನೋಡಿದಳು.

"ಇದು ಇನ್ನ ಹಾರೂದಿಲ್ಲೇನ್ರಿ ಅಪ್ಪಾರ?" ಎಂದು ಕೇಳಿದಳು.

ಅಪ್ಪಾರ ಎಂದದ್ದಕ್ಕೋ ಏನೋ, ಅವರು ಗೋಡೆ ಬಿಟ್ಟು ನೆಟ್ಟಗೆ ನಿಂತರು. ಪ್ರಭುಲಿಂಗ ಯಾರನ್ನೂ ಕೇಳದೆ ಹಲಗೆಯ ಮೇಲಿನ ತಗಡಿನ ಡಬ್ಬಿ ಇಳಿಸಿದ. ಹಳೇ ರೀಡುಗಳ ನಡುವೆ ಬೆರಳು ಹಾಕಿ ಹುಡುಕಿ, ಹಿತ್ತಾಳೆಯ ಕವಚ ತೆಗೆದು ಬೆಂಚಿನ ಮೇಲಿಟ್ಟ. ತನ್ನ ಸ್ಟೂಲು ಎಳೆದುಕೊಂಡ.

"ಬಾಲ ಬಿಕೋ ಅನ್ನಾಕತ್ತೈತ್ರಿ ಮಾವಾರ," ಎಂದ.

ಚನ್ನವೀರಪ್ಪನವರು ಕವಚವನ್ನು ನೋಡಿದರು, ಅಳಿಯನನ್ನು ನೋಡಿದರು. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಒರೆಸಿಕೊಂಡಷ್ಟೂ ಒದ್ದೆಯಾಯಿತು.

"ಹಂಗಾದ್ರ ಮೂತಿಗೂ ಹಾಕಬೇಕಾಗತೈತಿ," ಎಂದರು.

ಈಗ ನನಗೆ ವಯಸ್ಸಾಗಿದೆ. ಪ್ರಭುಲಿಂಗ, ಕಸ್ತೂರಿ ಪ್ರತಿ ಐತವಾರ ಬರುವುದಿಲ್ಲ, ಆದರೂ ಆಗಾಗ ಬರುತ್ತಾರೆ. ಬಂದಾಗಲೆಲ್ಲ ನನ್ನ ಬಾಲಕ್ಕೆ ಏನಾದರೊಂದು ಸೇರುತ್ತದೆ, ಮೂತಿಗೆ ಅದರ ಮೂರು ಪಾಲು ಸೀಸ. ಯಾವ ಎಂಜಿನ್ನೂ ನನ್ನನ್ನು ನೆಲದಿಂದ ಎತ್ತಲಾರದು. ಮೊಳೆ ಕಿತ್ತು ಬಂದೀತೆಂದು ಗೋಡೆಯಿಂದ ಇಳಿಸಿ ಬೆಂಚಿನ ಮೇಲೇ ಇಟ್ಟಿದ್ದಾರೆ. ಹಾರಲು ಹುಟ್ಟಿದವನಿಗೆ ಇದು ಬಾಳೇ ಎಂದು ಯಾರಾದರೂ ಕೇಳಬಹುದು. ನಾನು ಒಂದು ಸಲ ಹಾರಿದ್ದೇನೆ, ಹಗುರಾಗಿರುವುದು ಹೇಗಿರುತ್ತದೆಂದು ಬಲ್ಲೆ. ನನಗೆ ಈ ಭಾರವೇ ಇರಲಿ.

ಬೀದಿಯ ತುದಿಯಲ್ಲಿ ಹುಬ್ಬಳ್ಳಿಯ ಬಸ್ಸು ನಿಂತ ಸದ್ದಾದರೆ, ಚನ್ನವೀರಪ್ಪನವರು ಸ್ಕ್ರೂಡ್ರೈವರನ್ನು ತಂದು ನನ್ನ ಬಾಲದ ಪಕ್ಕದಲ್ಲಿ ಇಡುತ್ತಾರೆ.