ಗೆರೆ ತುಳಿದ ನ್ಯಾಯಾಧೀಶೆ

ಭಟ್ಕಳದ ಪೋಸ್ಟ್‌ಮಾಸ್ಟರರ ಮಗಳು, ಯಹೂದಿ ಹುಡುಗಿ ಸಿಪ್ಪೋರಾ, ಹತ್ತನೇ ವಯಸ್ಸಿಗೆ ಇಸ್ರೇಲಿಗೆ ವಲಸೆ ಹೋದಳು. ಅಲ್ಲಿ ವಕೀಲೆಯಾದಳು, ಚುನಾವಣೆ ಗೆದ್ದಳು, ಕೊನೆಗೆ ನ್ಯಾಯಾಧೀಶೆಯೂ ಆದಳು. ನಿವೃತ್ತಿಯ ನಂತರ ವ್ಯಾಪಾರದ ತಕರಾರೊಂದನ್ನು ಬಗೆಹರಿಸಲು ದುಬೈಗೆ ಬಂದವಳು, ಅಲ್ಲಿನ ಅಲ್ ನಹ್ದಾ ಬಡಾವಣೆಯಲ್ಲಿ ಮಗನ ಜೊತೆಗಿದ್ದ ಕನ್ನಡ ಶಾಲೆಯ ಗೆಳತಿ ಶಮೀಮಾಳಿಗೆ ಮೊದಲೇ ಸಂದೇಶ ಕಳಿಸಿ, ಅವಳ ಮನೆ ಹುಡುಕಿಕೊಂಡು ಹೋದಳು. ಅರವತ್ತು ವರ್ಷಗಳ ಬಳಿಕ ಕನ್ನಡ ಬಾಯಿಗೆ ಬರುತ್ತದೋ ಇಲ್ಲವೋ ಎಂದು ಲಿಫ್ಟಿನಲ್ಲಿ ಅವಳಿಗೆ ಅಳುಕು.

ಬಾಗಿಲು ತೆರೆದ ಶಮೀಮಾ ಸೊಂಟಕ್ಕೆ ಕೈಯಿಟ್ಟಳು. "ಜಡ್ಜಮ್ಮಾ, ಈಗಾದ್ರೂ ಸತ್ಯ ಹೇಳು. ಅವತ್ತು ಕುಂಟೆಬಿಲ್ಲೆ ಆಟದಲ್ಲಿ ನೀನು ಗೆರೆ ತುಳಿದಿದ್ದೆ ಅಲ್ವಾ?"

"ತುಳಿದಿದ್ದೆ ಮಾರಾಯ್ತಿ! ತಪ್ಪಾಯ್ತು."

ಕನ್ನಡ ತಾನಾಗಿಯೇ ಬಂದಿತ್ತು.

"ಖಲಾಸ್, ಕೇಸು ಮುಗೀತು!" ಎಂದು ಶಮೀಮಾ ಅವಳನ್ನು ಬಾಚಿ ತಬ್ಬಿಕೊಂಡಳು. ಇಬ್ಬರೂ ಬಾಗಿಲಲ್ಲೇ ನಿಂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.